ನಾನು ನೆಟ್ಟಗೆ ಮಾಡಿದ ಓಣಿ

ನಾನು ನಕಾಶೆ ಬರೆದು ನೆಟ್ಟಗೆ ಮಾಡಿದ ಊರು ಯಾವುದೆಂದು ಹೇಳುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಸುತ್ತಿನಲ್ಲೇ ಎಲ್ಲೋ ಇದೆ ಎಂದಷ್ಟು ತಿಳಿದರೆ ಸಾಕು. ಹೆಸರು ಹೇಳಿದರೆ ಆ ಊರಿನವರು ಈಗಲೂ ನನ್ನನ್ನು ಹುಡುಕಿಕೊಂಡು ಬಂದಾರು. ಹೇಳದೆ ಬಿಟ್ಟರೆ ಎಲ್ಲ ಊರಿನವರೂ ಇದು ಬಾಜೂ ಊರಿನ ಕತೆ ಎಂದು ನಕ್ಕು ಸುಮ್ಮನಾಗುತ್ತಾರೆ. ನನ್ನದೂ ಈಗ ಓಡಿ ತಪ್ಪಿಸಿಕೊಳ್ಳುವ ವಯಸ್ಸಲ್ಲ.

ನಾನು ಹುಟ್ಟಿದ್ದು ಕೌಜಲಗಿಯ ಒಂದು ಒಕ್ಕಲುತನದ ಮನೆಯಲ್ಲಿ. ಎತ್ತಿನ ಹಿಂದೆ ಕುಂಟೆ ಹಿಡಿಸಿ ಬಿಟ್ಟರೆ ಸಾಲೆಲ್ಲ ಸೊಟ್ಟ ಮಾಡಿ ಬರುತ್ತಿದ್ದೆ. ಇವನು ಹೊಲಕ್ಕೆ ಆಗುವವನಲ್ಲ ಎಂದು ಅಪ್ಪ ನನ್ನನ್ನು ಪುಣೆಗೆ ಕಳಿಸಿ ಓವರ್ಸಿಯರ್ ವಿದ್ಯೆ ಕಲಿಸಿದ. ಹೊಲದಲ್ಲಿ ಒಂದು ಸಾಲನ್ನು ನೆಟ್ಟಗೆ ಹೊಡೆಯಲಾರದವನು ಊರಿಗೆ ನೆಟ್ಟಗಿನ ರಸ್ತೆ ಎಳೆಯುವ ಪರೀಕ್ಷೆ ಪಾಸು ಮಾಡಿ ಬಂದದ್ದು ನಮ್ಮ ಮನೆಯಲ್ಲಿ ಬಹಳ ದಿನ ನಗೆಯ ವಿಷಯವಾಗಿತ್ತು. ನನಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಅದು ಮೂವತ್ತರ ದಶಕ. ನಮ್ಮ ಸೀಮೆ ಆಗ ಮುಂಬಯಿ ಇಲಾಖೆಯಲ್ಲಿತ್ತು, ದೊಡ್ಡ ಕಚೇರಿಗಳೆಲ್ಲ ಬೆಳಗಾವಿಯಲ್ಲಿದ್ದವು. ಪುಣೆಯಿಂದ ಬರುವಾಗ ನಾನು ಒಂದು ಬೆಂಡಿನ ಟೋಪಿ, ಒಂದು ಉದ್ದನೆಯ ಅಳತೆಪಟ್ಟಿ ಮತ್ತು ಊರುಗಳ ಬಗ್ಗೆ ಬೇಕಾದಷ್ಟು ಅಭಿಪ್ರಾಯಗಳನ್ನು ತಂದಿದ್ದೆ. ಗಾಳಿ, ಬೆಳಕು, ನೇರ ರಸ್ತೆ ಇದ್ದರೆ ಅದು ಊರು, ಇಲ್ಲದಿದ್ದರೆ ಕೊಂಪೆ ಎಂದು ಅಲ್ಲಿನ ಮಾಸ್ತರರು ಹೇಳಿಕೊಟ್ಟಿದ್ದರು. ಬರುವ ಹಾದಿಯಲ್ಲಿ ಮೋಟಾರು ಮಮದಾಪುರ ದಾಟುವಾಗ, ಈ ಊರನ್ನು ಕಟ್ಟಿದವರಿಗೆ ಕಣ್ಣಿರಲಿಲ್ಲವೇ ಎಂದು ಪಕ್ಕದಲ್ಲಿ ಕೂತವನಿಗೆ ವಿವರವಾಗಿ ತಿಳಿಸಿದೆ. ಅವನು ಮಮದಾಪುರದವನೇ ಆಗಿದ್ದ. ಅಲ್ಲಿಂದ ಮುಂದಕ್ಕೆ ಅವನು ಕಾಲು ಅಗಲಿಸಿ ಕೂತ, ನಾನು ಅರ್ಧ ಕುಂಡೆ ಊರಿ ಊರು ಮುಟ್ಟಿದೆ.

ಊರ ಮುನ್ಸಿಪಾಲ್ಟಿಯಲ್ಲಿ ನನಗೆ ಸಿಕ್ಕಿದ್ದು ತಾತ್ಕಾಲಿಕ ನೌಕರಿ. ಪೇಟೆ ಓಣಿಯನ್ನು ಅಗಲ ಮಾಡುವ ನಕಾಶೆ ತಯಾರಿಸಬೇಕು. ಅದು ಮಂಜೂರಾಗಿ ಓಣಿ ಅಗಲವಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಮತ್ತೆ ಕೌಜಲಗಿ, ಮತ್ತೆ ಕುಂಟೆ. ಮುನ್ಸಿಪಾಲ್ಟಿಯ ಅಧ್ಯಕ್ಷರು ಬೆಲ್ಲದ ಅಡತಿ ಅಂಗಡಿಯ ಸಾವಕಾರರು. ಆಗಷ್ಟೇ ಒಂದು ಮೋಟಾರು ಕೊಂಡಿದ್ದರು.

"ನೋಡ್ರಿ ಓವರ್ಸಿಯರ್, ಮೋಟಾರ ಏನೋ ತಗೊಂಡೀನಿ. ಖರೆ ಅದು ಓಣ್ಯಾಗ ಹೊಕ್ಕಂಗಿಲ್ಲ, ಓಣಿ ತುದೀಗಿನ ಮಠದ ಬಾಜೂಕ ನಿಂತಿರತೈತಿ" ಎಂದು ಅವರು ಮೊದಲ ದಿನವೇ ನನ್ನೆದುರು ಅಳಲು ತೋಡಿಕೊಂಡರು. "ನಾನು ಮನಿಯಿಂದ ಮಠದ ಮಟಾ ಚಕ್ಕಡ್ಯಾಗ ಹೋಗತೇನಿ, ಅಲ್ಲಿ ಇಳದು ಮೋಟಾರ ಹತ್ತತೇನಿ. ಮಂದಿ ನಗಾಕತ್ತಾರ. ಒಂದು ಹಾದಿ ಮಾಡಿ ಕೊಡ್ರಿ. ನಿಮ್ಮ ನೌಕರಿ ಕಾಯಂ ಮಾಡಸೂದು ನನಗ ಬಿಡ್ರಿ."

ಒಬ್ಬ ಮನುಷ್ಯನ ಮೋಟಾರಿಗಾಗಿ ಓಣಿ ಅಗಲವಾಗಬೇಕೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ನನ್ನ ಕಣ್ಣಿಗೆ ಕಂಡದ್ದು ಗಾಳಿ, ಬೆಳಕು, ನೇರ ರಸ್ತೆ. ಮೋಟಾರು ಇದ್ದರೆ ಇರಲಿ ಎಂದುಕೊಂಡೆ.

ನಾನು ಇಳಿದುಕೊಂಡದ್ದು ದೊಡ್ಡವ್ವನ ಮನೆಯಲ್ಲಿ. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವಳ ಮನೆ ಅದೇ ಪೇಟೆ ಓಣಿಯ ನಡುಮಧ್ಯದಲ್ಲಿತ್ತು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿದು ತನ್ನ ಬಾಳನ್ನು ತಾನೇ ನಡೆಸಿಕೊಂಡಿದ್ದಳು. ಚೊಚ್ಚಲ ಬಾಣಂತನಕ್ಕೆ ಬಂದ ಹೆಣ್ಣುಮಗಳು ಗಂಡನ ಮನೆಗೆ ಹೊರಡುವಾಗ ಕೂಸಿನ ಜೊತೆ ದೊಡ್ಡವ್ವನ ಕೌದಿಯೂ ಹೋಗಲೇಬೇಕು ಎನ್ನುವಷ್ಟು ಅವಳ ಕೈಗೆ ಹೆಸರಿತ್ತು. ನಾನೂ ಕೂಸಾಗಿದ್ದಾಗ ಅವಳ ಕೌದಿಯಲ್ಲೇ ಮಲಗಿ ಬೆಳೆದವನಂತೆ. ಮುನ್ಸಿಪಾಲ್ಟಿಯ ಓವರ್ಸಿಯರ್ ಆದ ಮೇಲೂ ಅವಳು ಆ ಸಂಗತಿಯನ್ನು ಓಣಿಯವರಿಗೆಲ್ಲ ಬೇಡದ ವಿವರಗಳ ಸಮೇತ ಹೇಳುತ್ತಿದ್ದಳು.

ಮನೆಯ ಒಳಗೆ ಕತ್ತಲೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಬಿಟ್ಟರೆ ಬೇರೆ ಬೆಳಕಿಲ್ಲ. ಅದಕ್ಕಾಗಿಯೇ ಅವಳ ಬದುಕೆಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ ನಡೆಯುತ್ತಿತ್ತು. ನಮ್ಮ ಕಡೆಯ ಮನೆಗಳಿಗೆ ಮುಂಬಾಗಿಲ ಎರಡೂ ಬದಿಗೆ ಸೊಂಟದೆತ್ತರದ ಕಲ್ಲಿನ ಕಟ್ಟೆ ಇರುತ್ತದೆ, ಅದರ ನಡುವೆ ಹೊಸ್ತಿಲಿಗೆ ಹತ್ತುವ ಮೆಟ್ಟಿಲು. ದೊಡ್ಡವ್ವನ ಕಟ್ಟೆ ಒಂದು ಕೌದಿಯನ್ನು ಪೂರ್ತಿ ಹಾಸಿ, ಸುತ್ತ ನಾಲ್ಕಾರು ಹೆಂಗಸರು ಕೂತು ಹೊಲಿಯುವಷ್ಟು ಅಗಲವಾಗಿತ್ತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಓಣಿಯ ಹೆಂಗಸರು ಹಳೆಯ ಇಳಕಲ್ ಸೀರೆಯ ತುಂಡು, ಹರಿದ ಧೋತರ ಹಿಡಿದು ಬಂದು ಅಲ್ಲಿ ಕೂರುತ್ತಿದ್ದರು. ಹತ್ತರಗಿಯ ಹೆಣ್ಣು ಹುಕ್ಕೇರಿಯ ಗಂಡಿಗೆ ಒಪ್ಪಿಗೆಯಾಯಿತೋ ಇಲ್ಲವೋ ಎಂಬುದು ಆ ಕಟ್ಟೆಗೆ ಮೊದಲು ಗೊತ್ತಾಗಿ ಆಮೇಲೆ ಹುಕ್ಕೇರಿಗೆ ಗೊತ್ತಾಗುತ್ತಿತ್ತು.

ಪುಣೆಯ ವಿದ್ಯೆಯ ಪ್ರಕಾರ ಆ ಕಟ್ಟೆಗೆ ಅತಿಕ್ರಮಣ ಎಂದು ಹೆಸರು. ಸಾರ್ವಜನಿಕ ರಸ್ತೆಯನ್ನು ಖಾಸಗಿಯವರು ನುಂಗಿ ಕೂತ ಜಾಗ. ಆ ಜಾಗದಲ್ಲೇ ನಾನು ಹೊದ್ದು ಮಲಗುತ್ತಿದ್ದೆ, ಅಲ್ಲೇ ಕೂತು ಬಿಸಿ ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತಿದ್ದೆ. ಉಂಡು ಕೈ ತೊಳೆದ ಮೇಲೆ ಅತಿಕ್ರಮಣದ ವಿರುದ್ಧ ನನ್ನ ಸಿಟ್ಟು ಮತ್ತಷ್ಟು ಬಲವಾಗುತ್ತಿತ್ತು.

ಕಚೇರಿಯಲ್ಲಿ ಮೇಜು ಕುಂಟುತ್ತಿದ್ದುದರಿಂದ ನಕಾಶೆಯನ್ನೂ ಅಲ್ಲೇ ಬರೆದೆ. ನಾನು ಹಲಗೆ ತಂದರೆ ಹೆಂಗಸರು ತಮ್ಮ ಕೌದಿಯನ್ನು ಅರ್ಧ ಮಡಚಿ ಜಾಗ ಬಿಡುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಗೆರೆ ಎಳೆಯುವಾಗ ಅವರೂ ಮಾತು ನಿಲ್ಲಿಸಿ ಉಸಿರು ಬಿಗಿಹಿಡಿಯುತ್ತಿದ್ದರು.

"ಏನ ಬರ್ಯಾಕತ್ತಿ ತಮ್ಮಾ?" ಎಂದು ಒಂದು ದಿನ ದೊಡ್ಡವ್ವ ಕೇಳಿದಳು.

"ಊರು ಬರ್ಯಾಕತ್ತೇನಿ ದೊಡ್ಡವ್ವಾ."

"ನಮ್ಮ ಮನಿ ಎಲ್ಲೈತಿ ಇದರಾಗ?"

ನಾನು ಜೋಳದ ಕಾಳಿನಷ್ಟು ದೊಡ್ಡದಾದ ಒಂದು ಚೌಕ ತೋರಿಸಿದೆ. ಅವಳು ಬಗ್ಗಿ ನೋಡಿ, "ಯವ್ವಾ, ಇಷ್ಟ ಐತೇನು! ಇದರಾಗ ನಾನು ಹೆಂಗ ಅಡಗಿ ಮಾಡಲಿ?" ಎಂದಳು. ಎಲ್ಲರೂ ನಕ್ಕರು. ನಾನು ನಗದೆ, ಅಳತೆಯ ಪ್ರಮಾಣ ಎಂದರೇನು ಎಂಬುದನ್ನು ಪುಣೆಯ ಮಾಸ್ತರರ ದನಿಯಲ್ಲಿ ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಕಟ್ಟಿ ಎಲ್ಲೈತಿ?" ಎಂದಳು.

"ಕಟ್ಟಿ ನಕಾಶೆದಾಗ ಬರೂದಿಲ್ಲ."

"ಯಾಕೋ?"

"ಅದು ಮನೀನೂ ಅಲ್ಲ, ರಸ್ತಾನೂ ಅಲ್ಲ."

"ಹಂಗಾರ ಈಗ ನಾವೆಲ್ಲಾ ಎಲ್ಲಿ ಕುಂತೇವೋ?" ಎಂದಳು ದೊಡ್ಡವ್ವ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಓದದ ಜನಕ್ಕೆ ಇದೆಲ್ಲ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅವರನ್ನು ಕ್ಷಮಿಸಿ ನಾನು ಗೆರೆ ಮುಂದುವರಿಸಿದೆ.

ಆ ಗೆರೆಯ ಬಗ್ಗೆ ಒಂದು ಮಾತು ಹೇಳಬೇಕು. ಹೊಸ ರಸ್ತೆಯ ಅಂಚನ್ನು ತೋರಿಸುವ ಗೆರೆ ಎಲ್ಲಕ್ಕಿಂತ ಎದ್ದು ಕಾಣಲಿ ಎಂದು ನಾನು ಅದನ್ನು ದಪ್ಪ ನಿಬ್ಬಿನಿಂದ, ಎರಡೆರಡು ಸಲ ತಿದ್ದಿ, ಬಹಳ ಚಂದ ಎಳೆದೆ. ಅಧ್ಯಕ್ಷರು ನೋಡಿ "ಭಲೆ!" ಎಂದರು. ಆದರೆ ಆ ಪ್ರಮಾಣದ ನಕಾಶೆಯಲ್ಲಿ ಗೆರೆಯ ದಪ್ಪವೇ ನೆಲದ ಮೇಲೆ ಒಂದು ಕಟ್ಟೆಯಷ್ಟು ಅಗಲವಾಗುತ್ತಿತ್ತು. ಇದು ನನಗೆ ಹೊಳೆಯಲಿಲ್ಲ. ಪ್ರಮಾಣ ಎಂದರೇನು ಎಂದು ನಾನು ಹೆಂಗಸರಿಗೆ ಪಾಠ ಹೇಳಿದ್ದು ಅದೇ ವಾರ.

ಬೆಳಗಾವಿಯಿಂದ ಇಂಜಿನಿಯರ್ ಸಾಹೇಬರು ಬಂದು ಸ್ಥಳ ನೋಡಿ ಮಂಜೂರಿ ಕೊಡಬೇಕಿತ್ತು. ಅದಕ್ಕೂ ಮುಂಚೆ ಕಡಿಯಬೇಕಾದ ಕಟ್ಟೆಗಳಿಗೆಲ್ಲ ಗುರುತು ಹಾಕಿಡುವುದು ನನ್ನ ಕೆಲಸ. ಕಚೇರಿಯಲ್ಲಿ ಬಣ್ಣ ಇರಲಿಲ್ಲ. ನಾನು ಕುಂಬಾರರ ಓಣಿಯಿಂದ ಒಂದು ಬುಟ್ಟಿ ಕೆಮ್ಮಣ್ಣು ತರಿಸಿ, ಬಕೆಟ್ಟಿನಲ್ಲಿ ಕಲಸಿ, ಕಚೇರಿಯ ಜವಾನ ಪಟ್ಟೇವಾಲನನ್ನು ಕರೆದುಕೊಂಡು ಹೊರಟೆ. ಕಡಿಯಬೇಕಾದ ಕಟ್ಟೆಯ ಮೋರೆಗೆ ಒಂದು ಅಗಲವಾದ ಕೆಂಪು ಪಟ್ಟೆ. ಕಡಿಯಬೇಕಿಲ್ಲದ ಕಟ್ಟೆಗೆ ಏನೂ ಇಲ್ಲ. ಇದಕ್ಕಿಂತ ಸರಳವಾದದ್ದು ಲೋಕದಲ್ಲಿ ಇರಲಾರದು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

"ಡಂಗುರ ಹೊಡಸೂಣ್ರಿ ಸಾಹೇಬ್ರ, ಮಂದಿಗೆ ತಿಳೀತೈತಿ" ಎಂದ ಪಟ್ಟೇವಾಲ. ಡಂಗುರ ಹಳೆಯ ಕಾಲದ ಪದ್ಧತಿ ಎಂದು ನಾನು ಒಪ್ಪಲಿಲ್ಲ. ನೋಟೀಸು ಬರೆದು ಕಚೇರಿಯ ಬಾಗಿಲಿಗೆ ಅಂಟಿಸಿದೆ. ಅದನ್ನು ಯಾರೂ ಓದಲಿಲ್ಲ. ಆ ಬಾಗಿಲಲ್ಲಿ ಮಲಗುತ್ತಿದ್ದ ನಾಯಿಗೆ ಅಂಟು ರುಚಿಯಾಗಿ ಕಂಡಿರಬೇಕು, ಅದು ಕೆಳಗಿನ ಅರ್ಧ ತಿಂದಿತು.

ದೊಡ್ಡವ್ವನ ಕಟ್ಟೆಗೂ ನಾನೇ ಕೈಯಾರೆ ಪಟ್ಟೆ ಬಳಿದೆ. ಸ್ವಂತದವರೆಂದು ಬಿಡುವವನಲ್ಲ ನಾನು ಎಂದು ಪಟ್ಟೇವಾಲನಿಗೆ ತೋರಿಸುವ ಹುಮ್ಮಸ್ಸು. ಅವಳು ಬಾಗಿಲಿಗೆ ಬಂದು, "ಇದೇನೋ ತಮ್ಮಾ?" ಎಂದಳು. "ಮುನಸಿಪಾಲ್ಟಿ ಗುರುತು" ಎಂದೆ. ಸಾಹೇಬರನ್ನು ಕರೆತರಲು ಹೊರಟಿದ್ದೆ, ಬೆಳಗಾವಿಯ ಮೋಟಾರಿಗೆ ಹೊತ್ತಾಗಿತ್ತು. ಅಷ್ಟು ಹೇಳಿ ಓಡಿದೆ.

ಆಗ ಮಹಾನವಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಹಬ್ಬಕ್ಕೆ ಮುಂಚೆ ಮನೆಗೆಲ್ಲ ಸುಣ್ಣ ಬಳಿದು, ಕಟ್ಟೆಗೆ ಕೆಮ್ಮಣ್ಣಿನ ಕೆಂಪು ಪಟ್ಟೆ, ಸುಣ್ಣದ ಬಿಳಿ ಪಟ್ಟೆ ಎಳೆಯುತ್ತಾರೆ. ಇದು ಕೌಜಲಗಿಯಲ್ಲಿ ಹುಟ್ಟಿದ ನನಗೆ ಗೊತ್ತಿರಲೇಬೇಕಾದ ವಿಷಯ. ನಮ್ಮ ಅವ್ವ ಬಳಿಯುವಾಗ ಬಕೆಟ್ಟು ಹಿಡಿದವನೇ ನಾನು. ಪುಣೆಯ ವಿದ್ಯೆ ಒಳಗೆ ಬಂದಾಗ ಜಾಗ ಸಾಲದೆ ಇಂಥವೆಲ್ಲ ಹೊರಗೆ ಬಿದ್ದುಹೋಗಿದ್ದವು ಎಂದು ಕಾಣುತ್ತದೆ.

ಸಾಹೇಬರನ್ನು ಕರೆದುಕೊಂಡು ನಾನು ಬೆಳಗಾವಿಯಿಂದ ತಿರುಗಿ ಬಂದಾಗ ಓಣಿ ಹೊಳೆಯುತ್ತಿತ್ತು. ಈ ತುದಿಯಿಂದ ಆ ತುದಿಯವರೆಗೆ, ಎರಡೂ ಬದಿ, ಒಂದು ಕಟ್ಟೆಯನ್ನೂ ಬಿಡದೆ ಕೆಂಪು ಪಟ್ಟೆ, ಬಿಳಿ ಪಟ್ಟೆ, ಮತ್ತೆ ಕೆಂಪು ಪಟ್ಟೆ. ದನಕ್ಕೆ ನೀರು ಕುಡಿಸುವ ಬಾನಿಗೂ ಪಟ್ಟೆ ಬಂದಿತ್ತು. ನಮ್ಮ ಕಚೇರಿಯ ಮೆಟ್ಟಿಲಿಗೂ ಬಂದಿತ್ತು.

ನಡೆದದ್ದು ಇಷ್ಟು. ಹಬ್ಬದ ಸಲುವಾಗಿ ಮುನ್ಸಿಪಾಲ್ಟಿಯೇ ಕೆಮ್ಮಣ್ಣು ಬಳಿಸುತ್ತಿದೆ, ಕೆಮ್ಮಣ್ಣು ಸಾಲದೆ ಒಂದೊಂದೇ ಪಟ್ಟೆ ಎಳೆದು ಬಿಟ್ಟಿದ್ದಾರೆ ಎಂದು ಓಣಿಯ ಹೆಂಗಸರು ತಿಳಿದುಕೊಂಡಿದ್ದರು. ಅರ್ಧಕ್ಕೆ ನಿಂತ ಕೆಲಸ ಮನೆಗೆ ಶುಭವಲ್ಲ ಎಂದು ಉಳಿದ ಪಟ್ಟೆಗಳನ್ನು ತಾವೇ ಬಳಿದು ಮುಗಿಸಿದ್ದರು. ನನ್ನ ಪಟ್ಟೆ ಬೀಳದ ಮನೆಯವರಿಗೆ ಬಹಳ ಅವಮಾನವಾಗಿತ್ತಂತೆ. ಎದುರು ಸಾಲಿನ ಒಬ್ಬ ಅಜ್ಜಿ ನನ್ನನ್ನು ಕಂಡ ಕೂಡಲೇ ಸಾಹೇಬರ ಮುಂದೆಯೇ ತರಾಟೆಗೆ ತೆಗೆದುಕೊಂಡಳು.

"ಎಲ್ಲಾರ ಕಟ್ಟಿಗೂ ಬಳದು ನಮ್ಮ ಕಟ್ಟಿ ಅಷ್ಟ ಬಿಟ್ಟೀಯಲ್ಲೋ. ನಾವೇನು ಮನಿಪಟ್ಟಿ ತುಂಬೂದಿಲ್ಲೇನು? ಕಡೀಕ ನಾನ ಬಳಕೊಂಡೆ."

ಸಾಹೇಬರು ಧಾರವಾಡದ ಕಡೆಯವರು, ಶಾಂತ ಸ್ವಭಾವ. ಓಣಿಯನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟ ಚಂದ ಇಟ್ಟೀರ್ರಿ!" ಎಂದು ಅಧ್ಯಕ್ಷರಿಗೆ ಹೇಳಿದರು. ಅಧ್ಯಕ್ಷರು ಇದೆಲ್ಲ ತಮ್ಮದೇ ಏರ್ಪಾಡು ಎಂಬಂತೆ ಕೈ ಮುಗಿದರು. "ಇದರಾಗ ಕಡೀಬೇಕಾದ ಕಟ್ಟಿ ಯಾವುವು?" ಎಂದು ಸಾಹೇಬರು ನನ್ನನ್ನು ಕೇಳಿದರು. ನಾನು ಒಂದನ್ನು ತೋರಿಸಿದೆ. "ಅದು ನಾವ ಬಳದದ್ರಿ" ಎಂದು ಒಳಗಿನಿಂದ ದನಿ ಬಂತು. ಇನ್ನೊಂದನ್ನು ತೋರಿಸಿದೆ. ಅದೂ ಅವರೇ ಬಳಿದುಕೊಂಡದ್ದು. ಮೂರನೆಯದನ್ನು ತೋರಿಸುವ ಧೈರ್ಯವಾಗದೆ ನಕಾಶೆ ಬಿಚ್ಚಿದೆ.

ಸಾಹೇಬರು ನಕಾಶೆಯನ್ನು ದೊಡ್ಡವ್ವನ ಕಟ್ಟೆಯ ಮೇಲೆಯೇ ಹಾಸಿದರು. ಮೂಡಲಗಿಗೆ ಕೊಟ್ಟ ಹೆಣ್ಣುಮಗಳೊಬ್ಬಳ ಸಲುವಾಗಿ ಅಲ್ಲಿ ಅರ್ಧ ಹೊಲಿದ ಕೌದಿ ಇತ್ತು, ದೊಡ್ಡವ್ವ ಅದನ್ನು ಬದಿಗೆ ಸರಿಸಿ ನಿಂತಳು. ಸಾಹೇಬರು ನನ್ನ ಚಂದದ ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

"ಗೆರಿ ಭಾಳ ದಪ್ಪ ಐತಲ್ರಿ. ರಸ್ತಾ ಎಲ್ಲಿಗೆ ಹಿಡಿಯೂದು? ಗೆರಿ ಈಚೀಕಡಿ ಅಂಚಿಗೋ, ಆಚೀಕಡಿ ಅಂಚಿಗೋ?"

ಆಗ ನನಗೆ ತಿಳಿಯಿತು. ಗೆರೆಯ ಓಣಿಯ ಕಡೆಯ ಅಂಚು ಹಿಡಿದರೆ ಈ ಸಾಲಿನ ಕಟ್ಟೆಗಳೆಲ್ಲ ಉಳಿಯುತ್ತಿದ್ದವು. ಎದುರು ಸಾಲಿನಲ್ಲಿ ಮುಂದೆ ಚಾಚಿದ ಕಟ್ಟೆಗಳಷ್ಟೇ ಹೋದರೂ ಮೋಟಾರಿಗೆ ಜಾಗ ಸಾಕಾಗುತ್ತಿತ್ತು, ಸ್ವಲ್ಪ ನಿಧಾನ ಹೋದರಾಯಿತು. ಮನೆಯ ಕಡೆಯ ಅಂಚು ಹಿಡಿದರೆ ಕಟ್ಟೆಗಳು ಹೋಗುತ್ತಿದ್ದವು. ಎರಡೂ ಸರಿಯೇ, ಎರಡೂ ನನ್ನ ಶಾಯಿಯ ಒಳಗೇ ಇದ್ದವು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಸುತ್ತ ಊರೆಲ್ಲ ನೆರೆದಿತ್ತು, ಅಧ್ಯಕ್ಷರು ನನ್ನ ಮುಖವನ್ನೇ ನೋಡುತ್ತಿದ್ದರು, ಇದು ನನ್ನ ದೊಡ್ಡವ್ವನ ಮನೆ ಎಂದು ಎಲ್ಲರಿಗೂ ಗೊತ್ತಿತ್ತು. ಸ್ವಂತದವರ ಕಟ್ಟೆ ಉಳಿಸಿದ ಎಂದು ಯಾರಾದರೂ ಅಂದಾರು ಎಂಬ ಅಂಜಿಕೆ ಒಂದು ಕಡೆ. ಇವನೆಂಥ ನಿಷ್ಠುರ ಮನುಷ್ಯ ಎಂದು ಸಾಹೇಬರು ಅಂದಾರು ಎಂಬ ಆಸೆ ಇನ್ನೊಂದು ಕಡೆ.

"ಮನಿ ಕಡಿ ಅಂಚಿಗೆ ರೀ" ಎಂದೆ. "ಇದು ನಮ್ಮ ದೊಡ್ಡವ್ವನ ಮನಿ ರೀ. ಮೊದಲ ಇದನ್ನ ಕಡೀತೇವಿ."

ಯಾರೂ ನನ್ನನ್ನು ಹಾಗೆ ಹೇಳೆಂದು ಕೇಳಿರಲಿಲ್ಲ. ಸಾಹೇಬರು ಹೊಗಳುತ್ತಾರೆಂದು ಕಾದೆ. ಅವರು ಗಡಿಯಾರ ನೋಡಿಕೊಂಡು, "ಹಂಗಾರ ಟೇಪು ಹಿಡೀರಿ" ಎಂದರು, ಅಷ್ಟೇ.

ಪಟ್ಟೇವಾಲ ನೀರು ಕುಡಿಯಲು ಹೋಗಿದ್ದ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲದೆ ನಾನು ಪರದಾಡುವುದನ್ನು ಕಂಡು ದೊಡ್ಡವ್ವ ಮುಂದೆ ಬಂದು ಅದನ್ನು ಹಿಡಿದುಕೊಂಡಳು. ಸೆರಗು ಸರಿಮಾಡಿಕೊಂಡು, ಮೊಣಕಾಲು ನೋವಿದ್ದರೂ ಬಗ್ಗಿ, ನಾನು ಹೇಳಿದ ಕಡೆ ತುದಿಯನ್ನು ಒತ್ತಿ ಹಿಡಿದಳು. ಪಕ್ಕದ ಹೆಂಗಸರ ಕಡೆ ತಿರುಗಿ, "ನಮ್ಮ ಹುಡುಗ ಅಳತಿ ಮಾಡಾಕತ್ತಾನ" ಎಂದಳು. ನಾನು ಅಳೆದು, ಬರೆದುಕೊಂಡು, ಟೇಪು ಸುತ್ತಿದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಕಟ್ಟಿ ಹೋಗತೈತೇನು?"

"ಹೋಗತೈತಿ ದೊಡ್ಡವ್ವಾ."

"ಎಲ್ಲಾನೂ?"

"ಎಲ್ಲಾನೂ."

ಅವಳು ಕೌದಿಯ ಮಡಿಕೆಯನ್ನು ಕೈಯಿಂದ ಸವರಿದಳು. "ಹಿಂಗ ಮಾಡಿದ್ರ ನಿನ್ನ ನೌಕರಿ ಕಾಯಂ ಆಗತೈತೇನು?"

"ಆಗತೈತಿ."

"ಹಂಗಾರ ಕಡಿ" ಎಂದು ಕೌದಿ ಎತ್ತಿಕೊಂಡು ಒಳಗೆ ಹೋದಳು.

ಹಬ್ಬ ಮುಗಿದ ಮೇಲೆ ಕಟ್ಟೆಗಳನ್ನು ಕಡಿಸಿದೆ. ನಿಂತು ಕಡಿಸಿದೆ, ಬೆಂಡಿನ ಟೋಪಿ ಹಾಕಿಕೊಂಡು. ಕೆಂಪು ಬಿಳಿ ಪಟ್ಟೆಯ ಕಲ್ಲುಗಳನ್ನು ಚಕ್ಕಡಿಯಲ್ಲಿ ಹೇರಿ ಹಳ್ಳದ ದಂಡೆಗೆ ಸಾಗಿಸಿದರು. ಕೊನೆಗೆ ಓಣಿಯ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುವಂತಾಯಿತು. ನನ್ನ ಕಣ್ಣಿನಲ್ಲಿ ನೀರು ಬಂತು. ಧೂಳು ಇತ್ತು ಎಂಬುದೂ ನಿಜ.

ಮರುದಿನ ಬೆಳಿಗ್ಗೆ ನನ್ನ ವಿದ್ಯೆಯ ಇನ್ನೊಂದು ಮುಖ ಊರಿಗೆ ತಿಳಿಯಿತು. ಮೆಟ್ಟಿಲುಗಳೆಲ್ಲ ಕಟ್ಟೆಯಲ್ಲೇ ಕಟ್ಟಿದವು. ಕಟ್ಟೆ ಹೋದಾಗ ಅವೂ ಹೋದವು. ಬಾಗಿಲುಗಳು ಮಾತ್ರ ಸೊಂಟದೆತ್ತರದಲ್ಲಿ ನೇತಾಡುತ್ತಿದ್ದವು. ಕೊಡ ಹಿಡಿದು ನೀರಿಗೆ ಹೊರಟ ಹೆಂಗಸರು ಹೊಸ್ತಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಗಂಡಸರು ಧೋತರ ಎತ್ತಿ ಕಟ್ಟಿ ಧುಮುಕುತ್ತಿದ್ದರು. ಯಾರೋ ಒರಳು ಕಲ್ಲನ್ನು ಬೋರಲು ಹಾಕಿದರು, ಯಾರೋ ದನದ ಗೋದಲಿ ಎಳೆದು ತಂದರು. ಇಡೀ ನಕಾಶೆಯಲ್ಲಿ ಮನೆಯಿಂದ ರಸ್ತೆಗೆ ಮನುಷ್ಯ ಹೇಗೆ ಇಳಿಯುತ್ತಾನೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ.

ಹೊಸ ಮೆಟ್ಟಿಲು ಕಟ್ಟಿಕೊಳ್ಳುತ್ತೇವೆ ಎಂದು ಜನ ಕಚೇರಿಗೆ ಬಂದರು. ಗೆರೆಯಿಂದ ಈಚೆಗೆ ಒಂದು ಇಟ್ಟಿಗೆಯನ್ನೂ ಇಡಬಾರದು, ಇಟ್ಟರೆ ಮುನ್ಸಿಪಾಲ್ಟಿ ಕಿತ್ತು ಹಾಕಬೇಕು ಎಂಬ ನಿಯಮ ಮಂಜೂರಿಯಲ್ಲೇ ಇತ್ತು. ಅದನ್ನು ಸೂಚಿಸಿ ಸೇರಿಸಿದವನೂ ನಾನೇ. ಪಟ್ಟೇವಾಲ ದಿನವೂ ಓಣಿ ತಿರುಗಿ ಒರಳು, ಗೋದಲಿಗಳನ್ನು ಒಳಗೆ ಇಡಿಸುತ್ತಿದ್ದ, ಅವನು ಓಣಿಯ ತಿರುವು ದಾಟಿದ ಕೂಡಲೇ ಅವು ಮತ್ತೆ ಹೊರಗೆ ಬರುತ್ತಿದ್ದವು. ಆ ಸಾಲಿನ ಒಂದು ಮನೆಗೆ ಮದುಮಗ ಬಂದಾಗ ಅವನನ್ನು ಬಾಸಿಂಗದ ಸಮೇತ ಇಬ್ಬರು ಕೆಳಗಿನಿಂದ ಎತ್ತಿ, ಇಬ್ಬರು ಮೇಲಿನಿಂದ ಜಗ್ಗಿ ಒಳಗೆ ಹಾಕಿಕೊಂಡರು. ವಾದ್ಯದವರು ಆ ಹೊತ್ತಿಗೆ ನಗು ತಡೆಯಲಾರದೆ ಊದುವುದನ್ನು ನಿಲ್ಲಿಸಿದ್ದರಂತೆ.

ಅಧ್ಯಕ್ಷರ ಮೋಟಾರು ವಾದ್ಯವಿಲ್ಲದೆ ಬಂತು. ಮಠದಿಂದ ಅವರ ಮನೆಯವರೆಗೆ ನೇರವಾಗಿ, ಎಲ್ಲೂ ತಡೆಯಿಲ್ಲದೆ, ಧೂಳೆಬ್ಬಿಸಿಕೊಂಡು ಬಂತು. ತಿರುಗಲು ಜಾಗ ಎಲ್ಲಿ ಎಂದು ಡ್ರೈವರ್ ಕೇಳಿದ. ಅದನ್ನೂ ನಾನು ಬರೆದಿರಲಿಲ್ಲ. ಅದು ಮಠದವರೆಗೂ ಹಿಂದೆ ಹಿಂದೆ ಹೋಯಿತು, ಓಣಿಯ ಹುಡುಗರೆಲ್ಲ ಅದರ ಮೂತಿಯೆದುರು ಕುಣಿಯುತ್ತ ಬೀಳ್ಕೊಟ್ಟರು. ಅಧ್ಯಕ್ಷರು ಮರುದಿನದಿಂದ ಮತ್ತೆ ಚಕ್ಕಡಿಯಲ್ಲೇ ಮಠಕ್ಕೆ ಹೋಗತೊಡಗಿದರು. ಕೊಟ್ಟ ಮಾತಿಗೆ ಮಾತ್ರ ತಪ್ಪಲಿಲ್ಲ, ನನ್ನ ನೌಕರಿ ಕಾಯಂ ಮಾಡಿಸಿದರು.

ಓಣಿಯ ಹೆಂಗಸರು ಹೇಗೋ ದಾರಿ ಕಂಡುಕೊಂಡರು. ಗೆರೆಯ ಹೊರಗೆ ಏನನ್ನೂ ಕಟ್ಟಬಾರದು ಎಂದಿತ್ತೇ ಹೊರತು ಕೂರಬಾರದು ಎಂದಿರಲಿಲ್ಲ. ಮಧ್ಯಾಹ್ನ ನನ್ನ ಅಗಲವಾದ ರಸ್ತೆಯ ನಡುವೆಯೇ ಚಾಪೆ ಹಾಸಿ, ಕೌದಿ ಹರಡಿ ಕೂರತೊಡಗಿದರು. ಹಿಂದೆ ಒಂದು ಕೌದಿಗೆ ಸಾಲುತ್ತಿದ್ದ ಜಾಗ, ಈಗ ಒಟ್ಟಿಗೆ ಎಷ್ಟು ಬೇಕಾದರೂ ಹಾಸಬಹುದಿತ್ತು. ಚಕ್ಕಡಿಯವರು ಬಳಸಿಕೊಂಡು ಹಿಂದಿನ ಓಣಿಯಲ್ಲಿ ಹೋಗುತ್ತಿದ್ದರು. ನಾನು ಆ ಹೊತ್ತಿನಲ್ಲಿ ಕಚೇರಿಯಿಂದ ಹೊರಗೆ ಬರುತ್ತಿರಲಿಲ್ಲ.

ದೊಡ್ಡವ್ವ ಮಾತ್ರ ಇಳಿಯಲಾರಳು. ಅವಳ ಮೊಣಕಾಲು ಒರಳಿನ ಮೇಲೆ ಕಾಲಿಟ್ಟು ಇಳಿಯುವಂಥದ್ದಲ್ಲ. ಹೊಸ್ತಿಲಲ್ಲಿ ಕೂತು ಕೆಳಗಿನವರ ಮಾತು ಕೇಳುತ್ತಿದ್ದಳು. ಅವರು ತಲೆಯೆತ್ತಿ ಕೂಗಿ ಹೇಳುತ್ತಿದ್ದರು, ಇವಳು ಬಗ್ಗಿ ಕೂಗಿ ಕೇಳುತ್ತಿದ್ದಳು. ಓಣಿಯ ತುಂಬ ಕೂಗಿ ಹೇಳಬಹುದಾದ ಮಾತುಗಳು ಎಷ್ಟಿರುತ್ತವೆ? ಸ್ವಲ್ಪ ದಿನದಲ್ಲಿ ಅವರು ತಮ್ಮ ತಮ್ಮಲ್ಲೇ ಮೆಲ್ಲಗೆ ಮಾತನಾಡತೊಡಗಿದರು.

ಒಂದು ಮಧ್ಯಾಹ್ನ ನಾನು ಕಚೇರಿಯಿಂದ ಬೇಗ ಬಂದು, "ಬಾ ದೊಡ್ಡವ್ವಾ, ನಾ ಇಳಸತೇನಿ" ಎಂದೆ. ಬೇಡ ಬೇಡ ಎಂದರೂ ಕೇಳದೆ ಕೆಳಗೆ ನಿಂತು, ಎರಡೂ ಕೈಯಲ್ಲಿ ಅವಳನ್ನು ಎತ್ತಿ ರಸ್ತೆಗೆ ಇಳಿಸಿದೆ. ಅವಳು ಇಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ. ಹೆಂಗಸರು ನೋಡಿಯೂ ನೋಡದಂತೆ ಮುಖ ತಿರುಗಿಸಿದರು. ಆ ಓಣಿಯಲ್ಲಿ ಗಂಡ ಸತ್ತ ದಿನವೂ ನೆಟ್ಟಗೆ ನಡೆದವಳು, ಎಲ್ಲರ ಕಣ್ಣೆದುರು ಕೂಸಿನ ಹಾಗೆ ಎತ್ತಿಸಿಕೊಂಡು ಇಳಿದಿದ್ದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಳು, ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಮರುದಿನ ನಾನು ಕಚೇರಿಯಿಂದ ಬಂದಾಗ ಬಾಗಿಲು ಮುಚ್ಚಿತ್ತು. ಮೊಣಕಾಲು ನೋಯುತ್ತಿದೆ, ನಾಳೆ ನೋಡೋಣ ಎಂದಳು. ಆ ನಾಳೆ ಬರಲಿಲ್ಲ.

ಆಗ ನಾನು ಹಳ್ಳದ ದಂಡೆಗೆ ಹೋಗಿ ಕಲ್ಲು ಆರಿಸಿ ತಂದು, ಅವಳ ಬಾಗಿಲ ಮುಂದೆ ಎರಡು ಮೆಟ್ಟಿಲು ಕಟ್ಟಿದೆ. ಕೂಲಿಯವರನ್ನು ಕರೆಯಲಿಲ್ಲ. ಹಾಡಹಗಲೇ, ಟೋಪಿ ತೆಗೆದಿಟ್ಟು, ಕೈಯಾರೆ ಮಣ್ಣು ಕಲಸಿ ಕಟ್ಟಿದೆ. ನನ್ನ ಎಲ್ಲ ಕೆಲಸದ ಹಾಗೆ ಅದೂ ಸ್ವಲ್ಪ ಸೊಟ್ಟವಾಯಿತು. ಪಟ್ಟೇವಾಲ ನೋಡಿಕೊಂಡು ಹಾದುಹೋದ. ದೊಡ್ಡವ್ವನನ್ನು ಕೂಗಿ ಕರೆದೆ. ಅವಳು ಹೊಸ್ತಿಲಿಗೆ ಬಂದು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಲ್ಲುಗಳನ್ನು ನೋಡಿದಳು. ಖುಷಿಯಾಯಿತು ಎಂಬುದು ಮುಖದಲ್ಲಿ ಕಾಣುತ್ತಿತ್ತು. ಒಂದು ಕಾಲು ಮುಂದೆ ಇಟ್ಟವಳು ತಡೆದಳು.

"ಇದು ನಿನ್ನ ಗೆರಿ ಒಳಗ ಐತೋ, ಹೊರಗ ಐತೋ?"

ಅವಳಿಗೆ ಸುಳ್ಳು ಹೇಳಿದರೆ ತಿಳಿಯುತ್ತಿತ್ತು. "ಹೊರಗ" ಎಂದೆ.

"ಹಂಗಾರ ತಗದ ಬಿಡು. ನಾಳೆ ಯಾರರೆ ಬೆಳಗಾವಿಗೆ ಬರದ್ರ ನಿನ್ನ ನೌಕರಿಗೆ ಕುತ್ತು ಬರತೈತಿ."

"ಬಂದ್ರ ಬರಲಿ ದೊಡ್ಡವ್ವಾ. ನೀ ಇಳಿ."

"ಅದರ ಸಲುವಾಗಿ ಕಟ್ಟೀನ ಕೊಟ್ಟೇನಿ. ಈಗ ಎರಡು ಕಲ್ಲಿನ ಸಲುವಾಗಿ ಕಳಕೊಂತೀಯೇನು?" ಎಂದಳು. ಸಿಟ್ಟಿನಿಂದ ಅಲ್ಲ, ಲೆಕ್ಕ ತಪ್ಪಿದ ಹುಡುಗನಿಗೆ ತಿಳಿಸಿ ಹೇಳುವಂತೆ. ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು.

ನಾನು ಆ ಕಲ್ಲು ತೆಗೆಯಲಿಲ್ಲ. ಯಾರೂ ಬೆಳಗಾವಿಗೆ ಬರೆಯಲೂ ಇಲ್ಲ. ಓಣಿಯವರೆಲ್ಲ ಅದನ್ನು ನೋಡಿ ಒಬ್ಬೊಬ್ಬರೇ ತಮ್ಮ ಬಾಗಿಲಿಗೂ ಮೆಟ್ಟಿಲು ಕಟ್ಟಿಕೊಂಡರು, ನಾನು ಕಾಯಂ ಓವರ್ಸಿಯರನಾಗಿ ಅವುಗಳನ್ನು ದಿನವೂ ನೋಡದೆ ಹಾದುಹೋದೆ. ದೊಡ್ಡವ್ವ ಮಾತ್ರ ತಾನು ಇರುವವರೆಗೂ ಆ ಮೆಟ್ಟಿಲ ಮೇಲೆ ಕಾಲಿಡಲಿಲ್ಲ. ಒಳಗೆ ಬೆಳಕಿಂಡಿಯ ಕೆಳಗೆ ಕೂತು ಒಬ್ಬಳೇ ಹೊಲಿಯುತ್ತಿದ್ದಳು. ಆ ಬೆಳಕಿನಲ್ಲಿ ಅವಳಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ನಾನು ನನ್ನ ಸೊಟ್ಟ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು, ಅವಳಿಗೆ ಸಂಜೆಯವರೆಗೆ ಸಾಲುವಷ್ಟು ಸೂಜಿಗಳಿಗೆ ದಾರ ಪೋಣಿಸಿ ಕೊಟ್ಟು ಹೋಗುತ್ತಿದ್ದೆ.